ಮದುವೆ ಫೋಟೋಗೆ ಆನ್‌ಲೈನ್ ಗ್ಯಾಲರಿ: ವಾಟ್ಸಾಪ್, ಗೂಗಲ್ ಫೋಟೋಸ್, ಸ್ಟುಡಿಯೋ ಲಿಂಕ್ – ನಿಮ್ಮ ಮನೆಗೆ ಯಾವುದು?

"ಆಲ್ಬಮ್ ಯಾವಾಗ ಕೊಡ್ತೀರಿ?" ಅಂತ ನಾವು ಸ್ಟುಡಿಯೋದವರನ್ನು ಕೇಳುತ್ತೇವೆ. "ನೀವು ಫೋಟೋ ಆರಿಸಿ ಕೊಟ್ಟ ಮೇಲೆ" ಅಂತ ಅವರು ಹೇಳುತ್ತಾರೆ. ಕಲಬುರಗಿಯಲ್ಲಿ ಎಷ್ಟೋ ಮದುವೆಗಳ ಆಲ್ಬಮ್ ಈ ಎರಡು ಮಾತಿನ ನಡುವೆ ತಿಂಗಳುಗಟ್ಟಲೆ ಸಿಕ್ಕಿಕೊಂಡಿರುತ್ತದೆ. ಮದುಮಗಳು ಹೈದರಾಬಾದಿಗೆ ಹೋಗಿರುತ್ತಾಳೆ, ತಮ್ಮ ಪುಣೆಯಲ್ಲಿ, ಬೀಗರು ಜೇವರ್ಗಿಯಲ್ಲಿ. ಮೂರು ಸಾವಿರ ಫೋಟೋ ಇರುವ ಪೆನ್‌ಡ್ರೈವ್ ಮಾತ್ರ ಅಪ್ಪನ ಅಲಮಾರಿಯಲ್ಲಿ, ಲಗ್ನಪತ್ರಿಕೆಯ ಕಟ್ಟಿನ ಕೆಳಗೆ.

ಇದಕ್ಕೆ ಪರಿಹಾರ ಆನ್‌ಲೈನ್ ಗ್ಯಾಲರಿ ಅಂತ ಈಗ ಎಲ್ಲರಿಗೂ ಗೊತ್ತು. ಯಾವ ಗ್ಯಾಲರಿ ಅನ್ನುವಲ್ಲೇ ಗೊಂದಲ. ಮನೆ ಮದುವೆಗಳಲ್ಲಿ "ಕಂಪ್ಯೂಟರ್ ಕೆಲಸ" ಅಂತ ಬಂದದ್ದೆಲ್ಲ ನನ್ನ ತಲೆಗೆ ಬೀಳುತ್ತದೆ. ಹಾಗಾಗಿ ಇವನ್ನೆಲ್ಲ ಒಂದಲ್ಲ ಒಂದು ಸಲ ಬಳಸಿ ನೋಡಿದ್ದೇನೆ. ಯಾರಾದರೂ "ಯಾವುದು ಒಳ್ಳೇದು?" ಅಂದರೆ "ಯಾವ ಕೆಲಸಕ್ಕೆ?" ಅಂತ ತಿರುಗಿ ಕೇಳುತ್ತೇನೆ. ಏಕೆಂದರೆ ಇಲ್ಲಿ ಮೂರು ಬೇರೆ ಬೇರೆ ಕೆಲಸ ಇವೆ: ಆಲ್ಬಮ್‌ಗೆ ಫೋಟೋ ಆರಿಸುವುದು, ನೆಂಟರಿಗೆ ತೋರಿಸುವುದು, ಮುಂದಿನ ಮೂವತ್ತು ವರ್ಷಕ್ಕೆ ಕಾಪಾಡುವುದು. ಮೂರನ್ನೂ ಚೆನ್ನಾಗಿ ಮಾಡುವ ಒಂದೇ ಜಾಗ ನನಗಂತೂ ಸಿಕ್ಕಿಲ್ಲ.

ಮೊದಲು ಒಂದು ಸಣ್ಣ ಲೆಕ್ಕ

24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ಜೆಪೆಗ್ ಫೋಟೋ ಸುಮಾರು 10 ಎಂಬಿ ಇರುತ್ತದೆ. 3000 ಫೋಟೋ ಅಂದರೆ 30 ಜಿಬಿ. ಅದನ್ನೇ ರಾ ಫೈಲ್‌ನಲ್ಲಿ (ಕ್ಯಾಮೆರಾ ಹಿಡಿದದ್ದನ್ನು ಜೆಪೆಗ್ ಮಾಡದೆ ಹಾಗೇ ಇಡುವ ಫೈಲ್) ತೆಗೆದಿದ್ದರೆ ಎರಡು ಮೂರು ಪಟ್ಟು ಜಾಸ್ತಿ. ಮನೆಯ ಫೈಬರ್‌ನಲ್ಲಿ ಅಪ್‌ಲೋಡ್ ವೇಗ 30 ಎಂಬಿಪಿಎಸ್ ಇದ್ದರೆ 30 ಜಿಬಿ ಏರಲು ಎರಡು ಗಂಟೆಯ ಮೇಲೆ ಬೇಕು. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ 5 ಎಂಬಿಪಿಎಸ್ ಸಿಕ್ಕರೆ ಹದಿಮೂರು ಗಂಟೆ. ನಡುವೆ ಕರೆಂಟ್ ಹೋಗದಿದ್ದರೆ ಈ ಲೆಕ್ಕ.

ಆದರೆ ಮೊಬೈಲ್ ಪರದೆಯ ಮೇಲೆ ನೋಡಲು ಅಷ್ಟು ದೊಡ್ಡ ಫೋಟೋ ಬೇಕಾಗಿಯೇ ಇಲ್ಲ. ಉದ್ದನೆಯ ಬದಿ 2048 ಪಿಕ್ಸೆಲ್ ಇರುವ ಹಾಗೆ ಚಿಕ್ಕದು ಮಾಡಿದ ಪ್ರತಿ ಸಾಮಾನ್ಯವಾಗಿ 1 ಎಂಬಿಯ ಒಳಗೇ ಬರುತ್ತದೆ. ಮೂರು ಸಾವಿರಕ್ಕೂ 3 ಜಿಬಿ ಸಾಕು. ಅದೇ ಹಾಟ್‌ಸ್ಪಾಟ್‌ನಲ್ಲಿ ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ. ಈ ಪ್ರತಿಯಿಂದ 5×7 ಇಂಚಿನ ಪ್ರಿಂಟ್ ಕೂಡ ತಕರಾರಿಲ್ಲದೆ ತೆಗೆಸಬಹುದು.

ಹಾಗಾದರೆ ದೊಡ್ಡ ಮೂಲ ಫೈಲ್ ಯಾಕೆ ಬೇಕು? ಆಲ್ಬಮ್‌ಗೆ. ನಮ್ಮ ಕಡೆ ಈಗ ಜಾಸ್ತಿ ಓಡುವುದು 12×36 ಇಂಚಿನ ಹಾಳೆ. 24 ಮೆಗಾಪಿಕ್ಸೆಲ್‌ನ ಫೋಟೋ ಅಡ್ಡಕ್ಕೆ 6000 ಪಿಕ್ಸೆಲ್ ಇರುತ್ತದೆ. ಇಡೀ ಹಾಳೆಗೆ ಒಂದೇ ಫೋಟೋ ಹರಡಿದರೆ ಇಂಚಿಗೆ 167 ಪಿಕ್ಸೆಲ್ ಸಿಗುತ್ತವೆ, ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ವಾಟ್ಸಾಪ್‌ನಲ್ಲಿ ಬಂದ 1600 ಪಿಕ್ಸೆಲ್‌ನ ಫೋಟೋವನ್ನು ಅದೇ ಹಾಳೆಗೆ ಹಾಕಿ ನೋಡಿ. ಇಂಚಿಗೆ 44. ಮದುಮಗಳ ಬಾಸಿಂಗದ ಮುತ್ತುಗಳೆಲ್ಲ ಒಂದಕ್ಕೊಂದು ಅಂಟಿ ಬಿಳಿ ಗೆರೆ ಆಗಿಬಿಡುತ್ತವೆ.

ಆದ್ದರಿಂದ ನೋಡುವ ಪ್ರತಿ ಬೇರೆ, ಮೂಲ ಪ್ರತಿ ಬೇರೆ ಅಂತ ಮೊದಲೇ ಎರಡು ಫೋಲ್ಡರ್ ಮಾಡಿಕೊಳ್ಳಿ. ಫೈಲ್‌ಗಳ ಹೆಸರು ಮಾತ್ರ ಎರಡರಲ್ಲೂ ಒಂದೇ ಇರಲಿ. ಇಷ್ಟು ಮಾಡಿದರೆ ಮುಂದಿನ ಅರ್ಧ ತಲೆನೋವು ಹೋಗುತ್ತದೆ.

ವಾಟ್ಸಾಪ್: ಅವತ್ತಿನ ಖುಷಿಗೆ ಮಾತ್ರ

ಮದುವೆ ದಿನ ರಾತ್ರಿಯೇ ಹತ್ತಿಪ್ಪತ್ತು ಫೋಟೋ ಗ್ರೂಪ್‌ಗೆ ಹಾಕಲು ವಾಟ್ಸಾಪ್‌ನ ಮುಂದೆ ಯಾವುದೂ ಇಲ್ಲ. ಅಫಜಲಪುರದ ಅತ್ತೆಗೂ ಅದು ಬರುತ್ತದೆ, ದುಬೈಯಲ್ಲಿರುವ ಅಣ್ಣನಿಗೂ ಬರುತ್ತದೆ. ಹೊಸದಾಗಿ ಏನೂ ಕಲಿಸಬೇಕಿಲ್ಲ.

ಆದರೆ ಫೋಟೋವನ್ನು ಅದು ಹಿಂಡಿ ಚಿಕ್ಕದು ಮಾಡುತ್ತದೆ. 2023ರಲ್ಲಿ ಎಚ್‌ಡಿ ಆಯ್ಕೆ ಬಂದ ಮೇಲೆ ಸ್ವಲ್ಪ ಸುಧಾರಿಸಿದೆ, ಆದರೂ ಅದು ಮೂಲ ಫೈಲ್ ಅಲ್ಲ. ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿದರೆ 2 ಜಿಬಿವರೆಗಿನ ಫೈಲ್ ಇದ್ದ ಹಾಗೇ ಹೋಗುತ್ತದೆ. ಈ ದಾರಿ ಎಷ್ಟೋ ಜನರಿಗೆ ಗೊತ್ತಿಲ್ಲ.

ವಾಟ್ಸಾಪ್‌ನಲ್ಲಿ ಆಲ್ಬಮ್ ಆಯ್ಕೆ ಮಾಡಲು ಮಾತ್ರ ಹೋಗಬೇಡಿ. ಫೋಟೋ ಅಂತ ಕಳಿಸಿದಾಗ ಫೈಲಿನ ಮೂಲ ಹೆಸರು ಹೋಗಿ, ನಡುವೆ ಡಬ್ಲ್ಯುಎ ಅಂತ ಇರುವ ಹೊಸ ಹೆಸರು ಬರುತ್ತದೆ. ತೆಗೆದ ದಿನ, ಹೊತ್ತಿನ ಮಾಹಿತಿಯೂ ಅಳಿಸಿಹೋಗುತ್ತದೆ. ನೀವು ಮುನ್ನೂರು ಫೋಟೋಗೆ ಟಿಕ್ ಹಾಕಿ ವಾಪಸ್ ಕಳಿಸಿದರೆ ಸ್ಟುಡಿಯೋದ ಹುಡುಗ ಅದನ್ನು ಮೂರು ಸಾವಿರದಲ್ಲಿ ಒಂದೊಂದಾಗಿ ಕಣ್ಣಲ್ಲೇ ಹುಡುಕಬೇಕು. ಅಕ್ಷತೆ ಬೀಳುವ ಹೊತ್ತಿಗೆ ಒಂದೇ ಕ್ಷಣದ ಹದಿನೈದು ಫೋಟೋ ಇರುತ್ತವೆ. ಒಂದರಲ್ಲಿ ಮದುಮಗ ಕಣ್ಣು ಮುಚ್ಚಿದ್ದಾನೆ, ಒಂದರಲ್ಲಿ ಯಾರದೋ ಮೊಬೈಲ್ ಅಡ್ಡ ಬಂದಿದೆ, ಒಂದು ಸರಿಯಾಗಿದೆ. ನೀವು ಕೇಳಿದ್ದು ಯಾವುದು, ಆಲ್ಬಮ್‌ನಲ್ಲಿ ಬಂದದ್ದು ಯಾವುದು ಅಂತ ಜಗಳ ಶುರುವಾಗುವುದು ಇಲ್ಲೇ.

ಗೂಗಲ್ ಡ್ರೈವ್: ಸಾಗಿಸಲು ಸರಿ, ನೋಡಲು ಬೇಸರ

ಸ್ಟುಡಿಯೋದಿಂದ ಮನೆಗೆ ಮೂಲ ಫೈಲ್ ಸಾಗಿಸಲು ಡ್ರೈವ್ ಒಳ್ಳೆಯದು. ಹೆಸರು ಬದಲಾಗುವುದಿಲ್ಲ, ಗುಣಮಟ್ಟ ಇಳಿಯುವುದಿಲ್ಲ. ಕಂಪ್ಯೂಟರ್‌ನಲ್ಲಿ ಇಡೀ ಫೋಲ್ಡರ್ ಡೌನ್‌ಲೋಡ್‌ಗೆ ಹಾಕಿದರೆ ಜಿಪ್ ತುಂಡುಗಳಾಗಿ ಬರುತ್ತದೆ. ಎಲ್ಲ ತುಂಡೂ ಬಂದವಾ ಅಂತ ಎಣಿಸಿ ನೋಡಿ. ಒಂದು ತುಂಡು ಬಿಟ್ಟುಹೋದರೆ ಮೆರವಣಿಗೆಯೇ ಮಾಯ.

ನೆಂಟರಿಗೆ ತೋರಿಸಲು ಮಾತ್ರ ಇದು ಬೇಡ. ಅವರಿಗೆ ಕಾಣುವುದು ಫೈಲ್ ಹೆಸರುಗಳ ಸಾಲು. ಎರಡು ನಿಮಿಷಕ್ಕೇ ಮುಚ್ಚಿಬಿಡುತ್ತಾರೆ.

ಗೂಗಲ್ ಫೋಟೋಸ್: ಮಧ್ಯಮ ವರ್ಗದ ಮನೆಗೆ ನನ್ನ ಮೊದಲ ಓಟು

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಹೆಚ್ಚಿನ ಮನೆಗಳಿಗೆ ಇಷ್ಟೇ ಸಾಕು.

ಒಂದು ಗೂಗಲ್ ಖಾತೆಗೆ 15 ಜಿಬಿ ಉಚಿತ. ಆದರೆ ಅದು ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ. 2021ರ ಜೂನ್ 1ಕ್ಕಿಂತ ಮೊದಲು ಸ್ವಲ್ಪ ಚಿಕ್ಕದಾಗಿಸಿದ ಫೋಟೋಗಳಿಗೆ ಮಿತಿಯೇ ಇರಲಿಲ್ಲ. ಆ ಕಾಲ ಹೋಯಿತು. ನಿಮ್ಮ ಹಳೇ ಖಾತೆಯಲ್ಲಿ ಜಾಗ ತುಂಬಿರುವುದೇ ಹೆಚ್ಚು. ಆದ್ದರಿಂದ ಮದುವೆಗೆ ಅಂತಲೇ ಹೊಸ ಜಿಮೇಲ್ ಮಾಡಿ, ಪಾಸ್‌ವರ್ಡ್ ಮನೆಯಲ್ಲಿ ಇಬ್ಬರಿಗೆ ಗೊತ್ತಿರಲಿ. ನೋಡುವ ಪ್ರತಿಗಳೆಲ್ಲ ಅದರಲ್ಲಿ ಆರಾಮಾಗಿ ಹಿಡಿಯುತ್ತವೆ, ದುಡ್ಡು ಕೊಡಬೇಕಿಲ್ಲ. ಒಂದು ಹಂಚಿದ ಆಲ್ಬಮ್‌ನಲ್ಲಿ 20,000 ಫೋಟೋವರೆಗೆ ಇಡಬಹುದು. ನಮ್ಮ ಮದುವೆ ಎಷ್ಟೇ ದೊಡ್ಡದಾದರೂ ಆ ಮಿತಿ ಮುಟ್ಟುವುದಿಲ್ಲ.

ಒಂದೇ ಆಲ್ಬಮ್ ಮಾಡಬೇಡಿ. ಹಂದರ, ಅರಿಶಿಣ, ಸುರಗಿ, ಅಕ್ಷತೆ, ಊಟ, ಮೆರವಣಿಗೆ, ಆಹೇರ ಅಂತ ಬೇರೆ ಬೇರೆ ಮಾಡಿ, ಹೆಸರು ಕನ್ನಡದಲ್ಲೇ ಬರೆಯಿರಿ. ವಯಸ್ಸಾದವರು ಅಕ್ಷತೆಯ ಆಲ್ಬಮ್ ಒಂದನ್ನೇ ತೆರೆದು ತಮ್ಮನ್ನು ಹುಡುಕುತ್ತಾರೆ. ಮುನ್ನೂರು ಊಟದ ಫೋಟೋ ದಾಟಿ ಅಲ್ಲಿಗೆ ಬರುವ ತಾಳ್ಮೆ ಯಾರಿಗೂ ಇಲ್ಲ.

ಫೋಟೋಸ್‌ನಲ್ಲಿ ನನಗೆ ತುಂಬ ಇಷ್ಟವಾದದ್ದು, ಬೇರೆಯವರೂ ತಮ್ಮ ಫೋನಿನ ಫೋಟೋ ಅದೇ ಆಲ್ಬಮ್‌ಗೆ ಸೇರಿಸಬಹುದು. ಸ್ಟುಡಿಯೋದವರ ಕ್ಯಾಮೆರಾ ಸ್ಟೇಜ್ ಕಡೆಗಿರುತ್ತದೆ. ಅಡುಗೆಯವರು ಮಾಲ್ದಿ ಕಟ್ಟುವುದು, ಆಯಿ ಕುರ್ಚಿಯಲ್ಲೇ ತೂಕಡಿಸಿದ್ದು, ಬ್ಯಾಂಡಿನ ಮುಂದೆ ಮಾಮಾ ಕುಣಿದದ್ದು ಇವೆಲ್ಲ ಸಿಗುವುದು ಅಕ್ಕನ ಮಕ್ಕಳ ಫೋನಿನಲ್ಲಿ. ಅವರು ಸೇರಿಸಿದ ಫೋಟೋಗೆ ಅವರ ಖಾತೆಯ ಜಾಗವೇ ಖರ್ಚಾಗುತ್ತದೆ, ನಿಮ್ಮದಲ್ಲ. ಒಂದು ತಿಂಗಳು ಈ ಸೌಲಭ್ಯ ತೆರೆದಿಡಿ, ಆಮೇಲೆ ಸೆಟ್ಟಿಂಗ್‌ನಲ್ಲಿ ಮುಚ್ಚಿಬಿಡಿ. ಫೋಟೋ ತೆಗೆದ ಜಾಗ ತೋರಿಸುವ ಆಯ್ಕೆಯನ್ನೂ ಅಲ್ಲೇ ಆಫ್ ಮಾಡಿ.

ಕೊರತೆಗಳೂ ಇವೆ. ಲಿಂಕ್ ಸಿಕ್ಕ ಯಾರಾದರೂ ನೋಡಬಹುದು, ಇದಕ್ಕೆ ಪಾಸ್‌ವರ್ಡ್ ಇಡಲು ಬರುವುದಿಲ್ಲ. ಮುಖ ನೋಡಿ ಗುಂಪು ಮಾಡುವ ಸೌಲಭ್ಯ ನಿಮ್ಮ ಖಾತೆಯೊಳಗೆ ಚೆನ್ನಾಗಿ ನಡೆಯುತ್ತದೆ, ಆದರೆ ಲಿಂಕ್ ತೆರೆದ ನೆಂಟರಿಗೆ ಅದು ಸಿಗುವುದಿಲ್ಲ. ಆಯ್ಕೆಗೂ ಇದು ಅಷ್ಟಕ್ಕಷ್ಟೇ. ಹಾರ್ಟ್ ಒತ್ತಬಹುದು, ಆದರೆ ಹಾರ್ಟ್ ಒತ್ತಿದವುಗಳ ಫೈಲ್ ಹೆಸರಿನ ಪಟ್ಟಿ ಒಂದೇ ಏಟಿಗೆ ಸ್ಟುಡಿಯೋಗೆ ಕೊಡಲು ಆಗುವುದಿಲ್ಲ. ನಾನು ಮಾಡುವುದು ಇಷ್ಟೇ: 'ಆಲ್ಬಮ್‌ಗೆ' ಅಂತ ಇನ್ನೊಂದು ಆಲ್ಬಮ್ ಮಾಡಿ, ಬೇಕಾದವನ್ನು ಅದಕ್ಕೆ ಸೇರಿಸಿ, ಕೊನೆಗೆ ಕಂಪ್ಯೂಟರ್‌ನಲ್ಲಿ ಎಲ್ಲವನ್ನೂ ಡೌನ್‌ಲೋಡ್ ಮಾಡುತ್ತೇನೆ. ಹೆಸರು ಹಾಗೇ ಉಳಿದಿರುತ್ತದೆ. ಆ ಫೋಲ್ಡರ್ ನೋಡಿ ಸ್ಟುಡಿಯೋದವರು ಮೂಲ ಫೈಲ್ ಎತ್ತಿಕೊಳ್ಳುತ್ತಾರೆ.

ಮನೆಯವರೆಲ್ಲ ಐಫೋನ್ ಹಿಡಿದವರಾದರೆ ಐಕ್ಲೌಡ್‌ನ ಹಂಚಿದ ಆಲ್ಬಮ್ ಕೂಡ ಇದೆ. ಅದೂ ಫೋಟೋವನ್ನು 2048 ಪಿಕ್ಸೆಲ್‌ಗೆ ಇಳಿಸುತ್ತದೆ, ಒಂದು ಆಲ್ಬಮ್‌ಗೆ 5000ದ ಮಿತಿ. ಬೀಗರ ಮನೆಯಲ್ಲೂ ಎಲ್ಲರ ಕೈಯಲ್ಲಿ ಐಫೋನ್ ಇರುವ ಮದುವೆ ನಾನು ಇನ್ನೂ ನೋಡಿಲ್ಲ, ಹಾಗಾಗಿ ಮುಂದಕ್ಕೆ ಹೋಗೋಣ.

ಸ್ಟುಡಿಯೋ ಕೊಡುವ ಗ್ಯಾಲರಿ: ಆಯ್ಕೆಗೆ ಇದೇ ಸರಿ

ಪಿಕ್ಸಿಸೆಟ್, ಪಿಕ್‌ಟೈಮ್, ಶೂಟ್‌ಪ್ರೂಫ್, ಸ್ಮಗ್‌ಮಗ್ ಇಂಥವು ಫೋಟೋಗ್ರಾಫರ್‌ಗಳಿಗೆ ಅಂತಲೇ ಮಾಡಿದ ಗ್ಯಾಲರಿಗಳು. ಚಂದಾ ಕಟ್ಟುವವರು ಫೋಟೋಗ್ರಾಫರ್, ನಮಗೆ ಬರುವುದು ಒಂದು ಲಿಂಕ್. ತೆರೆದ ಕೂಡಲೇ ದೊಡ್ಡ ಮುಖಪುಟ, ಜೋಡಿಯ ಹೆಸರು, ಕೆಳಗೆ ಕಾರ್ಯಕ್ರಮದ ಪ್ರಕಾರ ವಿಭಾಗಗಳು. ನೋಡಲು ಮದುವೆ ಮನೆಯ ಕಳೆಯೇ ಇರುತ್ತದೆ.

ಅಂದಕ್ಕಿಂತ ಮುಖ್ಯ, ಇಲ್ಲಿ ಆಯ್ಕೆಯ ಕೆಲಸ ಸಲೀಸು. ಮದುಮಗಳು ಹೈದರಾಬಾದಿನಲ್ಲಿ ಕೂತು ತನಗೆ ಬೇಕಾದವಕ್ಕೆ ಫೇವರಿಟ್ ಒತ್ತುತ್ತಾಳೆ. ಆ ಪಟ್ಟಿ ಫೈಲ್ ಹೆಸರಿನ ಸಮೇತ ಸ್ಟುಡಿಯೋದವರಿಗೆ ಕಾಣುತ್ತದೆ. ಅತ್ತೆ ಮನೆಯವರು ಬೇರೆ ಪಟ್ಟಿ ಮಾಡಬಹುದು. ಎರಡೂ ಪಟ್ಟಿಯಲ್ಲಿ ಇರುವವನ್ನು ಮೊದಲು ತೆಗೆದುಕೊಂಡು, ಉಳಿದದ್ದಕ್ಕೆ ಮಾತುಕತೆ ಮಾಡಿದರೆ ಒಂದು ಭಾನುವಾರದಲ್ಲಿ ಕೆಲಸ ಮುಗಿಯುತ್ತದೆ. ಗ್ಯಾಲರಿಗೆ ಪಾಸ್‌ವರ್ಡ್ ಇಡಬಹುದು, ಡೌನ್‌ಲೋಡ್‌ಗೆ ಬೇರೆ ಪಿನ್ ಇಡಬಹುದು, ಇಷ್ಟು ದಿನಕ್ಕೆ ಮುಚ್ಚಲಿ ಅಂತ ತಾರೀಖು ಹಾಕಬಹುದು.

ನಿಮ್ಮ ಸ್ಟುಡಿಯೋದವರು ಇದನ್ನು ಬಳಸದಿದ್ದರೆ ನೀವೇ ಮಾಡಿಕೊಳ್ಳಬಹುದು. ಪಿಕ್ಸಿಸೆಟ್‌ನಲ್ಲಿ 3 ಜಿಬಿ ಉಚಿತ ಜಾಗ ಸಿಗುತ್ತದೆ. ಮೇಲೆ ಹೇಳಿದ ನೋಡುವ ಪ್ರತಿಗಳನ್ನು ಸ್ವಲ್ಪ ಜರಡಿ ಹಿಡಿದು ಎರಡು ಸಾವಿರಕ್ಕೆ ಇಳಿಸಿ ಹಾಕಿದರೆ ಅಷ್ಟರಲ್ಲೇ ಹಿಡಿಯುತ್ತದೆ.

ಆದರೆ ಈ ಗ್ಯಾಲರಿ ನಿಮ್ಮದಲ್ಲ, ಬಾಡಿಗೆಯದು. ಫೋಟೋಗ್ರಾಫರ್ ಚಂದಾ ನಿಲ್ಲಿಸಿದ ದಿನ, ಅಥವಾ ತಾರೀಖು ಮುಗಿದ ದಿನ, ಲಿಂಕ್ ತೆರೆಯುವುದಿಲ್ಲ. "ಲಿಂಕ್ ಇದೆಯಲ್ಲ" ಅಂತ ಡೌನ್‌ಲೋಡ್ ಮಾಡದೆ ಕೂರಬೇಡಿ. ಇನ್ನೊಂದು ಮಾತು, ಇಮೇಲ್ ಕೇಳುವ, ಪಿನ್ ಕೇಳುವ ಪುಟ ಬಂದ ಕೂಡಲೇ ಹಳ್ಳಿಯ ಹಿರಿಯರು ಫೋನ್ ಕೆಳಗಿಡುತ್ತಾರೆ. ಅವರಿಗೆ ಗೂಗಲ್ ಫೋಟೋಸ್ ಲಿಂಕೇ ಸರಿ.

ಸೆಲ್ಫಿ ಕೊಟ್ಟರೆ ನಿಮ್ಮ ಫೋಟೋ

ದೊಡ್ಡ ಮದುವೆಗಳಲ್ಲಿ ಈಗ ಫಂಕ್ಷನ್ ಹಾಲ್ ಬಾಗಿಲಲ್ಲೇ ಕ್ಯೂಆರ್ ಕೋಡ್ ಅಂಟಿಸುತ್ತಾರೆ. ಅತಿಥಿ ಅದನ್ನು ಸ್ಕ್ಯಾನ್ ಮಾಡಿ ಸೆಲ್ಫಿ ಕೊಟ್ಟರೆ, ಅವರಿರುವ ಫೋಟೋಗಳು ಮಾತ್ರ ಅವರ ಫೋನಿಗೆ ಬರುತ್ತವೆ. ಕ್ವಿಕ್‌ಪಿಕ್‌ನಂಥ ಆ್ಯಪ್‌ಗಳು ಮಾಡುವುದು ಇದನ್ನೇ. ಮುಖದ ರೂಪವನ್ನು ಅಂಕಿಗಳ ಒಂದು ಸಾಲಾಗಿ ಮಾಡಿಕೊಂಡು, ಯಾವ ಫೋಟೋದ ಮುಖ ಅದಕ್ಕೆ ಹತ್ತಿರ ಇದೆ ಅಂತ ಕಂಪ್ಯೂಟರ್ ಹೋಲಿಸುತ್ತದೆ.

ಎರಡು ಸಾವಿರ ಜನ ಬರುವ ಮದುವೆಯಲ್ಲಿ "ನನ್ನ ಫೋಟೋ ಕಳಿಸು" ಅನ್ನುವ ಫೋನ್ ತಪ್ಪಿಸಲು ಇದು ಚೆನ್ನಾಗಿದೆ. ಆದರೆ ಬಾಸಿಂಗ, ದಂಡೆ ಕಟ್ಟಿದ ಮುಖ, ತಲೆ ಮೇಲೆ ಸೆರಗು ಹೊದ್ದವರು, ಅರ್ಧ ತಿರುಗಿದವರು, ಚಿಕ್ಕ ಮಕ್ಕಳು ಇವರಲ್ಲಿ ಅದು ಎಡವುತ್ತದೆ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಆಗಲೇ ಇರುವ ಫೋಟೋವನ್ನೂ ಸೆಲ್ಫಿ ಅಂತ ಒಪ್ಪಿಕೊಳ್ಳುವ ಆ್ಯಪ್ ಆದರೆ, ಯಾರೋ ಹುಡುಗ ಇನ್ಯಾರದೋ ಮಗಳ ಪ್ರೊಫೈಲ್ ಫೋಟೋ ಹಾಕಿ ಅವಳ ಎಲ್ಲ ಫೋಟೋ ಎತ್ತಿಕೊಂಡು ಹೋಗಬಹುದು. ಅದೇ ಕ್ಷಣ ಕ್ಯಾಮೆರಾ ತೆರೆದು ತೆಗೆದ ಸೆಲ್ಫಿ ಮಾತ್ರ ಒಪ್ಪುತ್ತದಾ ಅಂತ ನೀವೇ ಒಮ್ಮೆ ಪರೀಕ್ಷಿಸಿ. ಇಲ್ಲ ಅಂದರೆ ಬೇಡ ಅನ್ನಿ. ಸಾಮಾನ್ಯ ಮನೆ ಮದುವೆಗೆ ಇದರ ಅಗತ್ಯವೇ ಇಲ್ಲ ಅಂತ ನನ್ನ ಅಭಿಪ್ರಾಯ.

ಎಡಿಟಿಂಗ್: ಆರಿಸಿದ ಮೇಲೆ, ಅದೂ ಹದವಾಗಿ

ಮೂರು ಸಾವಿರವನ್ನೂ ಎಡಿಟ್ ಮಾಡಿಸುವುದು ದುಡ್ಡು ದಂಡ. ಮೊದಲು ಆರಿಸಿ, ಆಮೇಲೆ ತಿದ್ದಿ. ಗ್ಯಾಲರಿಗೆ ಹಾಕುವವಕ್ಕೆ ಬೆಳಕು, ಬಣ್ಣ ಸರಿ ಮಾಡಿದರೆ ಸಾಕು. ಕೂದಲೆಳೆ ತಿದ್ದುವ ಕೆಲಸ ಆಲ್ಬಮ್‌ನ ದೊಡ್ಡ ಪುಟಗಳಿಗೆ ಇರಲಿ.

ನೀವೇ ತಿದ್ದುವುದಾದರೆ ಇಪ್ಪತ್ತು ಮೂವತ್ತು ಫೋಟೋಗೆ ಸ್ನ್ಯಾಪ್‌ಸೀಡ್ ಬೇಕಾದಷ್ಟಾಯಿತು. ಉಚಿತ, ಜಾಹೀರಾತಿನ ಕಾಟ ಇಲ್ಲ. ಇನ್ನೂರು ಮುನ್ನೂರು ಇದ್ದರೆ ಲೈಟ್‌ರೂಮ್. ಒಂದೇ ಬೆಳಕಿನಲ್ಲಿ ತೆಗೆದ ನೂರು ಫೋಟೋದಲ್ಲಿ ಒಂದನ್ನು ತಿದ್ದಿ, ಅದೇ ಸೆಟ್ಟಿಂಗ್ ಉಳಿದ ತೊಂಬತ್ತೊಂಬತ್ತಕ್ಕೆ ಅಂಟಿಸಬಹುದು. ಮೂಲ ಫೈಲ್ ಮುಟ್ಟುವುದೇ ಇಲ್ಲ, ಯಾವಾಗ ಬೇಕಾದರೂ ಹಿಂದಕ್ಕೆ ಹೋಗಬಹುದು. ಅದಕ್ಕೆ ಚಂದಾ ಇದೆ. ದುಡ್ಡು ಬೇಡ, ಕಲಿಯುವ ಹಟ ಇದೆ ಅನ್ನುವವರಿಗೆ ಡಾರ್ಕ್‌ಟೇಬಲ್ ಉಚಿತ.

ನಮ್ಮ ಮದುವೆಗಳಲ್ಲಿ ಎಡಿಟಿಂಗ್ ದಾರಿ ತಪ್ಪುವುದು ಹೆಚ್ಚಾಗಿ ಅರಿಶಿಣದ ದಿನ. ಫೋಟೋ ತುಂಬ ಹಳದಿ ಇರುತ್ತದೆ: ಮೈಗೆ ಹಚ್ಚಿದ ಅರಿಶಿಣ, ಹಳದಿ ಸೀರೆ, ಮೇಲೆ ಕೆಂಪು ಹಳದಿ ಬಟ್ಟೆಯ ಶಾಮಿಯಾನ, ಅದರಿಂದ ಸೋಸಿ ಬರುವ ಬಿಸಿಲು. ಆಟೋ ಒತ್ತಿದ ಕೂಡಲೇ ಸಾಫ್ಟ್‌ವೇರ್ "ಹಳದಿ ಜಾಸ್ತಿಯಾಗಿದೆ" ಅಂದುಕೊಂಡು ನೀಲಿ ಸುರಿಯುತ್ತದೆ. ಅರಿಶಿಣ ಹೋಗಿ ಸುಣ್ಣದ ಬಣ್ಣ ಬರುತ್ತದೆ. ಹಾಗಾಗಿ ಅರಿಶಿಣದ ಫೋಟೋಗೆ ಆಟೋ ಬೇಡ. ಬಿಳಿ ವಸ್ತುವಿನ ಮೇಲೆ ಡ್ರಾಪರ್ (ಬಿಳಿ ಯಾವುದು ಅಂತ ಸಾಫ್ಟ್‌ವೇರ್‌ಗೆ ತೋರಿಸುವ ಗುಂಡಿ) ಒತ್ತಿ ಅಂತ ಯೂಟ್ಯೂಬ್‌ನಲ್ಲಿ ಹೇಳಿಕೊಡುತ್ತಾರೆ. ನಮ್ಮಲ್ಲಿ ಬಿಳಿ ಅಂದರೆ ಕಾಕಾನ ಧೋತರ, ತಲೆ ಮೇಲಿನ ಟೋಪಿ. ಅವಕ್ಕೆ ನೀಲಿ ಹಾಕಿ ಒಗೆದಿರುತ್ತಾರೆ! ಅದರ ಮೇಲೆ ಒತ್ತಿದರೆ ಸಾಫ್ಟ್‌ವೇರ್ ಆ ನೀಲಿಯನ್ನು ಕಳೆಯಲು ಹೋಗಿ ಚಿತ್ರವನ್ನೆಲ್ಲ ಇನ್ನಷ್ಟು ಹಳದಿ ಮಾಡುತ್ತದೆ. ಅರಿಶಿಣ ಹಚ್ಚದೆ ಪಕ್ಕದಲ್ಲಿ ನಿಂತಿರುವ ಯಾರದಾದರೂ ಮೈಬಣ್ಣ ನೋಡಿಕೊಂಡು ಕೈಯಿಂದಲೇ ಸರಿ ಮಾಡುವುದು ವಾಸಿ. ಅವರ ಮುಖ ಸರಿ ಕಂಡರೆ ಅರಿಶಿಣವೂ ಸರಿ ಕಾಣುತ್ತದೆ.

ರಿಸೆಪ್ಷನ್‌ನ ನೇರಳೆ, ಗುಲಾಬಿ ಎಲ್‌ಇಡಿ ಬೆಳಕಿನದು ಬೇರೆ ಕಥೆ. ಆ ಬೆಳಕಿನಲ್ಲಿ ಹಸಿರು ಪಾಲು ಇರುವುದೇ ಅಷ್ಟಿಷ್ಟು, ಇಲ್ಲದ ಬಣ್ಣವನ್ನು ಯಾವ ಸಾಫ್ಟ್‌ವೇರ್ ತಂದೀತು? ಅಂಥ ಒಳ್ಳೇ ಫೋಟೋ ಇದ್ದರೆ ಕಪ್ಪು ಬಿಳುಪು ಮಾಡಿ. ಅದಕ್ಕೂ ಮೊದಲು, ಜೋಡಿ ಸ್ಟೇಜ್ ಮೇಲೆ ಇರುವಾಗಲಾದರೂ ಮುಂದಿನ ದೀಪ ಬಿಳಿ ಇಡಿ ಅಂತ ಡೆಕೋರೇಷನ್‌ನವರಿಗೆ ಹೇಳಿಡಿ.

ರಾ ಫೈಲ್ ಇದ್ದರೆ ಇಂಥ ತಿದ್ದುಪಡಿಗೆ ಜಾಸ್ತಿ ಅವಕಾಶ. ಜೆಪೆಗ್‌ನಲ್ಲಿ ಒಂದು ಬಣ್ಣಕ್ಕೆ 256 ಹಂತ ಇದ್ದರೆ 14 ಬಿಟ್ ರಾ ಫೈಲ್‌ನಲ್ಲಿ 16,384. ಮುಖ್ಯ ಕಾರ್ಯಕ್ರಮವನ್ನಾದರೂ ರಾದಲ್ಲಿ ತೆಗೆಯುತ್ತೀರಾ ಅಂತ ಅಡ್ವಾನ್ಸ್ ಕೊಡುವಾಗಲೇ ಕೇಳಿ. ಎರಡು ಕ್ಯಾಮೆರಾ ಬರುವುದಾದರೆ ಎರಡರ ಗಡಿಯಾರವೂ ಒಂದೇ ಹೊತ್ತು ತೋರಿಸಲಿ. ಇಲ್ಲದಿದ್ದರೆ ಗ್ಯಾಲರಿಯಲ್ಲಿ ತಾಳಿ ಕಟ್ಟಿದ ಮೇಲೆ ಅರಿಶಿಣ ಹಚ್ಚಿದ ಹಾಗೆ ಸಾಲು ಕಲಸಿಹೋಗುತ್ತದೆ. ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಒಂದು ಕ್ಯಾಮೆರಾದ ಹೊತ್ತನ್ನೆಲ್ಲ ಒಟ್ಟಿಗೆ ಹಿಂದೆ ಮುಂದೆ ಸರಿಸಬಹುದು, ಆದರೆ ಆ ಕಷ್ಟ ಯಾಕೆ?

ಮುಖ ಬೆಳ್ಳಗೆ ಮಾಡುವ ಚಟ ಒಂದಿದೆ. ಸ್ಟುಡಿಯೋದವರು ಕೇಳದೆಯೇ ಮಾಡಿಕೊಡುತ್ತಾರೆ. "ಮೈಬಣ್ಣ ಇದ್ದ ಹಾಗೇ ಇರಲಿ, ಮೊಡವೆ ಕಲೆ ತೆಗೆದರೆ ಸಾಕು" ಅಂತ ಮೊದಲೇ ಬರೆದುಕೊಡಿ. ಕೈ ಕಂದು, ಮುಖ ಮಾತ್ರ ಹಾಲುಬಿಳುಪು ಆದ ಮದುಮಗಳ ಆಲ್ಬಮ್ ನಮ್ಮಲ್ಲಿ ಎಷ್ಟು ಮನೆಯಲ್ಲಿಲ್ಲ! ಇನ್ನು ಬೇಡವಾದದ್ದನ್ನು ಅಳಿಸುವ ಮ್ಯಾಜಿಕ್ ಇರೇಸರ್ 2024ರಿಂದ ಗೂಗಲ್ ಫೋಟೋಸ್‌ನಲ್ಲಿ ಎಲ್ಲರಿಗೂ ಸಿಗುತ್ತಿದೆ. ನೀರಿನ ಬಾಟಲಿ, ನೇತಾಡುವ ವೈರ್ ಅಳಿಸಿ. ಅಡ್ಡ ನಿಂತ ಮಾಮಾನನ್ನು ಅಳಿಸಬೇಡಿ. ಅವರು ಹುಡುಕಿಯೇ ಹುಡುಕುತ್ತಾರೆ.

ಯಾರಿಗೆ ಯಾವ ಲಿಂಕ್

ಎಲ್ಲ ಫೋಟೋ ಎಲ್ಲರಿಗಲ್ಲ. ಸುರಗಿಯ ಹೊತ್ತಿಗೆ ನೀರೆರೆಯುವ, ಒದ್ದೆ ಬಟ್ಟೆಯ ಫೋಟೋಗಳು ಮನೆಯೊಳಗೇ ಇರಲಿ, ಅದಕ್ಕೆ ಲಿಂಕೇ ಬೇಡ. ಮುಸ್ಲಿಂ ಮನೆಗಳ ನಿಕಾಹ್, ವಲೀಮಾದಲ್ಲಿ ಹೆಂಗಸರ ಕಡೆಯ ಫೋಟೋಗಳಿಗೆ ಬೇರೆಯದೇ ಗ್ಯಾಲರಿ ಇಡುವುದು ಒಳ್ಳೆಯದು, ಅದಕ್ಕೆ ಪಾಸ್‌ವರ್ಡ್ ಇರಲಿ. ಇಂಥ ಕಡೆ ಗೂಗಲ್ ಫೋಟೋಸ್‌ಗಿಂತ ಪಿಕ್ಸಿಸೆಟ್‌ನಂಥದ್ದೇ ಮೇಲು.

ಲಿಂಕ್ ಕಳಿಸುವ ಮೊದಲು ಒಂದು ವಾಯ್ಸ್ ಮೆಸೇಜ್ ಹಾಕಿ. ಮದುವೆ ಕಾರ್ಡ್ ಅಂತ ವಾಟ್ಸಾಪ್‌ನಲ್ಲಿ ಎಪಿಕೆ ಫೈಲ್ (ಒತ್ತಿದರೆ ಫೋನಿಗೆ ಆ್ಯಪ್ ಇನ್‌ಸ್ಟಾಲ್ ಮಾಡುವ ಫೈಲ್) ಕಳಿಸಿ ಬ್ಯಾಂಕ್ ಖಾತೆ ಬಳಿಯುವ ಮೋಸ ನಡೆಯುತ್ತಿದೆ, ಹಾಗಾಗಿ ಜನ ಲಿಂಕ್ ಅಂದರೆ ಹೆದರುತ್ತಾರೆ. ಹೆದರಿಕೆ ಸರಿಯೇ. "ನಾನೇ ಕಳಿಸ್ತಿದ್ದೇನೆ, ಒತ್ತಿದರೆ ಫೋಟೋ ಕಾಣ್ತವೆ, ಏನಾದ್ರೂ ಇನ್‌ಸ್ಟಾಲ್ ಮಾಡು ಅಂದ್ರೆ ಮಾಡಬೇಡಿ" ಅಂತ ನಿಮ್ಮ ದನಿಯಲ್ಲಿ ಹೇಳಿದರೆ ನಂಬುತ್ತಾರೆ.

ಸ್ಟುಡಿಯೋದವರು ನಿಮ್ಮ ಫೋಟೋವನ್ನು ಇನ್‌ಸ್ಟಾಗ್ರಾಮ್‌ಗೆ ಹಾಕಬಹುದಾ? 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಪ್ರಕಾರ, ದುಡ್ಡು ಕೊಟ್ಟು ತೆಗೆಸಿದ ಫೋಟೋದ ಮೊದಲ ಹಕ್ಕು ತೆಗೆಸಿದವರದು, ಬೇರೆ ಒಪ್ಪಂದ ಇಲ್ಲದಿದ್ದರೆ. ಈ ಕೊನೆಯ ಮಾತನ್ನು ಗಮನಿಸಿ. ರಸೀದಿಯ ಹಿಂದೆ ಸಣ್ಣ ಅಕ್ಷರದಲ್ಲಿ ಏನು ಅಚ್ಚಾಗಿದೆ ಅಂತ ಸಹಿ ಮಾಡುವ ಮೊದಲು ಓದಿ. ಹಾಕಲಿ ಅಂತ ನಿಮಗೆ ಖುಷಿ ಇದ್ದರೆ ಯಾವ ಫೋಟೋ ಅಂತ ನೀವೇ ಆರಿಸಿ ಕೊಡಿ.

ಕಾಪಾಡುವ ಕೆಲಸ

ಇದಕ್ಕೆ ಮೇಲಿನ ಯಾವ ಗ್ಯಾಲರಿಯನ್ನೂ ನಂಬಬೇಡಿ. ಗೂಗಲ್ ಖಾತೆಯನ್ನು ಎರಡು ವರ್ಷ ಯಾರೂ ತೆರೆಯದಿದ್ದರೆ ಅದರಲ್ಲಿದ್ದದ್ದನ್ನೆಲ್ಲ ಅಳಿಸುವ ಅಧಿಕಾರ ಕಂಪನಿಗೆ ಇದೆ. ಮದುವೆಗೆ ಅಂತ ಮಾಡಿದ ಖಾತೆ ಮರೆತುಹೋಗುವುದು ಸುಲಭ, ಪ್ರತಿ ವರ್ಷ ಮದುವೆ ದಿನ ಒಮ್ಮೆ ತೆರೆಯಿರಿ. ಪೆನ್‌ಡ್ರೈವ್ ಸಾಗಿಸಲು ಸರಿ, ವರ್ಷಗಟ್ಟಲೆ ಇಡಲು ಅಲ್ಲ. ಮೂಲ ಫೈಲ್‌ಗಳನ್ನು ಎರಡು ಹಾರ್ಡ್ ಡಿಸ್ಕ್‌ಗೆ ಹಾಕಿ, ಒಂದು ನಿಮ್ಮಲ್ಲಿ, ಒಂದು ಬೀಗರ ಮನೆಯಲ್ಲಿ ಇಡಿ. ಎರಡನ್ನೂ ಒಂದೇ ಅಲಮಾರಿಯಲ್ಲಿ ಇಟ್ಟರೆ ಎರಡು ಮಾಡಿದ್ದು ಸುಮ್ನೆ ಆಯಿತು. ಮೂಲ ಫೈಲ್‌ಗಳೂ ಆನ್‌ಲೈನ್‌ನಲ್ಲಿ ಇರಲಿ ಅನಿಸಿದರೆ ಗೂಗಲ್ ಒನ್‌ನ 100 ಜಿಬಿ ಚಂದಾ ಒಂದು ಮದುವೆಗೆ ಸಾಕಾಗುತ್ತದೆ. ಅಪ್‌ಲೋಡ್ ಮಾಡುವ ಮೊದಲು ಸೆಟ್ಟಿಂಗ್‌ನಲ್ಲಿ ಒರಿಜಿನಲ್ ಕ್ವಾಲಿಟಿ ಅಂತ ಇದೆಯಾ ನೋಡಿ. ಸ್ಟೋರೇಜ್ ಸೇವರ್ ಅಂತ ಇದ್ದರೆ 16 ಮೆಗಾಪಿಕ್ಸೆಲ್‌ಗಿಂತ ದೊಡ್ಡದನ್ನೆಲ್ಲ ಅದು ಚಿಕ್ಕದು ಮಾಡುತ್ತದೆ.

ಸ್ಟುಡಿಯೋಗೆ ಅಡ್ವಾನ್ಸ್ ಕೊಡುವಾಗ ಇದಿಷ್ಟು ರಸೀದಿ ಮೇಲೆ ಬರೆಸಿಕೊಳ್ಳಿ: ಆಯ್ಕೆಗೆ ಲಿಂಕ್ ಎಷ್ಟು ದಿನದಲ್ಲಿ ಬರುತ್ತದೆ, ಎಷ್ಟು ತಿಂಗಳು ತೆರೆದಿರುತ್ತದೆ, ಮೂಲ ಫೈಲ್ ಪೂರ್ತಿ ಕೊಡುತ್ತಾರಾ, ಅವರ ಕಂಪ್ಯೂಟರ್‌ನಲ್ಲಿ ಎಲ್ಲಿಯವರೆಗೆ ಉಳಿಸಿಕೊಳ್ಳುತ್ತಾರೆ. ಕಲಬುರಗಿಯ ಏಪ್ರಿಲ್, ಮೇ ಸೀಸನ್‌ನಲ್ಲಿ ಒಂದು ಮದುವೆಯ ಬೆನ್ನಿಗೆ ಇನ್ನೊಂದು ಇರುತ್ತದೆ, ಜಾಗ ಮಾಡಿಕೊಳ್ಳಲು ಹಳೆಯದನ್ನು ಅಳಿಸಿಬಿಡುತ್ತಾರೆ. ಹಾರ್ಡ್ ಡಿಸ್ಕ್ ಕೈಗೆ ಬಂದ ದಿನವೇ ಕಂಪ್ಯೂಟರ್‌ಗೆ ಹಾಕಿ, ನಡುನಡುವೆ ಹತ್ತಾರು ಫೋಟೋ ತೆರೆದು ನೋಡಿ, ಆಮೇಲೆ ಬಾಕಿ ದುಡ್ಡು ಕೊಡಿ.